ಬಿಲ್ಲುಗಾರ ಕಣ್ಣಪ್ಪ



ಪುರಾತನರ ಚರಿತ್ರೆಯಲ್ಲಿ ಇಂದು ಬೇಡರ ಕಣ್ಣಪ್ಪನ ಸರದಿ. ಕಣ್ಣಪ್ಪ ಯಾರು ಎಂದು ಕೇಳಿದರೆ, ಶಿವನಿಗೆ ಕಣ್ಣು ಕಿತ್ತು ಕೊಟ್ಟವನು ಎಂದು ನಿಮ್ಮ ಮನೆಯ ಚಿಕ್ಕ ಮಗುವೂ ಹೇಳುತ್ತದೆ. ಅಲ್ಲಿಗೆ ನಮ್ಮ ತಿಳಿವಳಿಕೆ ಮುಗಿಯುತ್ತದೆ. ಆದರೆ ಕಣ್ಣು ಕೊಡುವುದಕ್ಕೆ ಮುಂಚೆ ಆ ಮನುಷ್ಯನಿಗೆ ಒಂದು ಊರಿತ್ತು, ಕುಲವಿತ್ತು, ಕಸುಬಿತ್ತು, ಕೈಯಲ್ಲಿ ಬಿಲ್ಲಿತ್ತು. ಆ ಬಿಲ್ಲನ್ನು ಬಿಟ್ಟು ಕಣ್ಣಪ್ಪನನ್ನು ಅರ್ಥಮಾಡಿಕೊಳ್ಳಲು ಬರುವುದಿಲ್ಲ.

ಕಥೆ ನಡೆದ ಸ್ಥಳ ಆಂಧ್ರದ ಶ್ರೀಕಾಳಹಸ್ತಿ. ತಿರುಪತಿಗೆ ಹೋದವರು ಅನೇಕರು ಅಲ್ಲಿಗೂ ಹೋಗಿ ಬಂದಿದ್ದೀರಿ. ಸ್ವರ್ಣಮುಖಿ ನದಿಯ ದಂಡೆ, ಮಗ್ಗುಲಲ್ಲೇ ಬೆಟ್ಟ. ಪಂಚಭೂತ ಲಿಂಗಗಳಲ್ಲಿ ವಾಯುಲಿಂಗ ಅಲ್ಲಿಯದು. ಕಣ್ಣಪ್ಪನ ಹುಟ್ಟೂರು ಪೊತ್ತಪ್ಪಿ ನಾಡಿನ ಉಡುಪ್ಪೂರು ಎಂದು ತಮಿಳು ಗ್ರಂಥ ಹೇಳುತ್ತದೆ. ಪೊತ್ತಪ್ಪಿ ನಾಡು ಎಂದರೆ ಕಡಪ ಸೀಮೆ. ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಇವನು ಉಡುಮೂರಿ ಕಣ್ಣಪ್ಪ. ಭಾಷೆ ಬೇರೆಯಾದರೂ ಊರಿನ ಹೆಸರು ಉಳಿದುಕೊಂಡು ಬಂದಿದೆ, ನೋಡಿ.

ಕಥೆ ಎಷ್ಟು ಹಳೆಯದು? 7ನೆಯ ಶತಮಾನದ ಅಪ್ಪರ್ ಮತ್ತು ಸಂಬಂಧರ್ ತಮ್ಮ ಹಾಡುಗಳಲ್ಲಿ ಕಣ್ಣಪ್ಪನನ್ನು ನೆನೆದಿದ್ದಾರೆ. ಅಂದರೆ ಆಗಲೇ ಅದು ಮನೆಮಾತಾಗಿತ್ತು. ಹೆಸರು ಹೇಳಿದರೆ ಸಾಕು, ಜನಕ್ಕೆ ಗೊತ್ತಾಗುತ್ತಿತ್ತು. ಸುಂದರರ್ ಹಾಡಿದ ಶಿವಭಕ್ತರ ಪಟ್ಟಿಯಲ್ಲಿ ಅವನಿದ್ದಾನೆ. ಅವನ ಚರಿತ್ರೆಯನ್ನು ವಿಸ್ತಾರವಾಗಿ ಬರೆದವನು ಸೇಕ್ಕಿಳಾರ್. ಎರಡನೆಯ ಕುಲೋತ್ತುಂಗ ಚೋಳನ ಕಾಲದಲ್ಲಿ, 12ನೆಯ ಶತಮಾನದಲ್ಲಿ, ಪೆರಿಯ ಪುರಾಣ ಎಂಬ ಗ್ರಂಥದಲ್ಲಿ. ಅತ್ತ ಚೋಳರ ನಾಡಿನಲ್ಲಿ ಒಬ್ಬ ಮಂತ್ರಿ ಬೇಡನ ಭಕ್ತಿಯನ್ನು ಬರೆಯುತ್ತಿದ್ದ ಶತಮಾನದಲ್ಲೇ ಇತ್ತ ಕಲ್ಯಾಣದಲ್ಲಿ ಬಸವಣ್ಣನವರು ಕುಲವನ್ನು ಕೇಳದೆ ಶರಣರನ್ನು ಮನೆಯೊಳಕ್ಕೆ ಕರೆಯುತ್ತಿದ್ದರು. ಕನ್ನಡದಲ್ಲಿ ಹಂಪೆಯ ಹರಿಹರ ಕಣ್ಣಪ್ಪನ ಮೇಲೆ ಒಂದು ರಗಳೆಯನ್ನೇ ರಚಿಸಿದ.

ಈಗ ಬೇಟೆಗಾರನ ಸಂಗತಿ. ತಂದೆ ನಾಗ, ಬೇಡರ ನಾಯಕ. ತಾಯಿ ತತ್ತೆ. ಬಹುಕಾಲ ಮಕ್ಕಳಿಲ್ಲದೆ ಮುರುಗನಿಗೆ ಹರಕೆ ಹೊತ್ತು ಪಡೆದ ಮಗ. ಎತ್ತಿಕೊಂಡರೆ ಗಟ್ಟಿಮುಟ್ಟಾಗಿ ಭಾರವಾಗಿದ್ದನಂತೆ. ಅದಕ್ಕೆ ತಿಣ್ಣ ಎಂದು ಕರೆದರು. ನಮ್ಮ ಕನ್ನಡದಲ್ಲಿ ದಿಣ್ಣನಾದ. ಊರಿಗೆ ಆನೆಯ ದಂತದ ಬೇಲಿ, ಎಲ್ಲೆಲ್ಲೂ ಬೇಟೆನಾಯಿಗಳು, ಬಲೆಗಳು. ನಾಗನಿಗೆ ಮುಪ್ಪು ಬಂದು ಕಾಡುಮೃಗಗಳ ಹಾವಳಿ ಹೆಚ್ಚಿದಾಗ ನಾಯಕತನ ಮಗನ ಕೈಗೆ ಬಂತು. ಬಿಲ್ಲಿಗೆ ಹೆದೆ ಏರಿಸಿ, ಕಾಲಿಗೆ ತೊಗಲಿನ ಕೆರ ಮೆಟ್ಟಿ, ಅವನು ಮೊದಲ ಬೇಟೆಗೆ ಹೊರಟ.

ಸೇಕ್ಕಿಳಾರ್ ಇಲ್ಲಿ ಒಂದು ಮಾತು ಬರೆದಿದ್ದಾನೆ. ಪುರಾಣ ಹೇಳುವವರು ಅದನ್ನು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಆ ಬೇಡರು ಆನೆಯ ಮರಿಯನ್ನು ಬೆನ್ನಟ್ಟುತ್ತಿರಲಿಲ್ಲ, ಎಳೆಯ ಮರಿಗಳಿಗೆ ಬಾಣ ಬಿಡುತ್ತಿರಲಿಲ್ಲ, ಬಸಿರು ಹೊತ್ತು ನಿಧಾನ ನಡೆಯುವ ಹೆಣ್ಣು ಮೃಗವನ್ನು ನೋಯಿಸುತ್ತಿರಲಿಲ್ಲ. ಬೇಟೆಗೂ ಒಂದು ಕಟ್ಟಳೆ ಇತ್ತು. ಹೊಟ್ಟೆಗಾಗಿ ಕೊಲ್ಲುವವನು ನಾಳೆಯ ಕಾಡನ್ನು ಉಳಿಸಿಕೊಳ್ಳುತ್ತಾನೆ. ಮೋಜಿಗಾಗಿ ಕೊಲ್ಲುವವನಿಗೆ ಆ ಚಿಂತೆ ಎಲ್ಲಿಂದ ಬರಬೇಕು? ಮುಂದೆ ಬಂದೂಕು ಹಿಡಿದು ಬಂದ ದೊರೆಗಳು, ಸಾಹೇಬರು ಹುಲಿಯ ಹೆಣದ ಮೇಲೆ ಕಾಲಿಟ್ಟು ಚಿತ್ರ ತೆಗೆಸಿಕೊಂಡರಲ್ಲ, ಅವರನ್ನು ನಾವು ನಾಗರಿಕರು ಎಂದೆವು, ಬೇಡನನ್ನು ಕ್ರೂರಿ ಎಂದೆವು.

ಬಲೆ ಹರಿದುಕೊಂಡು ಒಂದು ಕಾಡುಹಂದಿ ಓಡಿತು. ಹಿಂದೆ ಬಿದ್ದವರಲ್ಲಿ ಕೊನೆಯವರೆಗೆ ಓಡಿದವರು ಮೂವರು: ತಿಣ್ಣ, ನಾಣ, ಕಾಡ. ತಿಣ್ಣ ಅದನ್ನು ಕತ್ತಿಯಿಂದಲೇ ತುಂಡರಿಸಿದ. ಹಸಿವು, ಬಾಯಾರಿಕೆ. ಸ್ವರ್ಣಮುಖಿಯ ದಡಕ್ಕೆ ಬಂದರು. ಕಾಡ ಬೆಂಕಿ ಮಾಡುತ್ತ ಕುಳಿತ. ತಿಣ್ಣ ಎದುರಿನ ಬೆಟ್ಟವನ್ನು ನೋಡಿ, ಅಲ್ಲಿಗೆ ಹೋಗೋಣ ಎಂದ. ಹತ್ತುತ್ತ ಹತ್ತುತ್ತ ಅವನಿಗೆ ಮೈಮೇಲಿನ ಯಾವುದೋ ಹೊರೆ ಇಳಿದ ಹಾಗಾಯಿತು. ಮೇಲೆ ಲಿಂಗವಿತ್ತು. ಕಂಡ ಕೂಡಲೇ ಓಡಿ ಹೋಗಿ ತಬ್ಬಿಕೊಂಡ. ಅಯ್ಯೋ, ಹುಲಿ ಕರಡಿ ತಿರುಗುವ ಈ ಬೆಟ್ಟದಲ್ಲಿ ಒಬ್ಬನೇ ಇದ್ದೀಯಲ್ಲ, ನಿನಗೆ ಉಣ್ಣಲು ಕೊಡುವವರು ಯಾರು ಎಂದು ಅಳತೊಡಗಿದ. ಯಾರೂ ಅವನಿಗೆ ಮಂತ್ರ ಹೇಳಿಕೊಟ್ಟಿರಲಿಲ್ಲ. ನಾಣ ಮಾತ್ರ, ಹಿಂದೊಮ್ಮೆ ನಿನ್ನ ತಂದೆಯ ಜೊತೆ ಬಂದಾಗ ಒಬ್ಬ ಹಾರುವ ಇದರ ಮೇಲೆ ನೀರು ಸುರಿದು ಎಲೆ ಇಟ್ಟದ್ದನ್ನು ಕಂಡೆ ಎಂದ. ತಿಣ್ಣನ ಆಗಮಶಾಸ್ತ್ರವೆಲ್ಲ ಅಷ್ಟೆ.

ಕೆಳಗಿಳಿದು ಹಂದಿಯ ಮಾಂಸ ಸುಟ್ಟ. ಹದವಾಗಿ ಬೆಂದಿದೆಯೇ ಎಂದು ಒಂದೊಂದು ತುಣುಕನ್ನೂ ಬಾಯಲ್ಲಿಟ್ಟು ನೋಡಿ, ರುಚಿಯಾದದ್ದನ್ನು ಎಲೆಯ ದೊನ್ನೆಗೆ ಹಾಕಿಕೊಂಡ. ಒಂದು ಕೈಯಲ್ಲಿ ಬಿಲ್ಲು, ಇನ್ನೊಂದು ಕೈಯಲ್ಲಿ ದೊನ್ನೆ. ನೀರು ತರುವುದು ಹೇಗೆ? ಬಾಯಲ್ಲಿ ತುಂಬಿಕೊಂಡ. ಹೂವು? ತಲೆಗೂದಲಲ್ಲಿ ಸಿಕ್ಕಿಸಿಕೊಂಡ. ಲಿಂಗದ ಮೇಲಿದ್ದ ಹಳೆಯ ಹೂವನ್ನು ಕೆರ ಮೆಟ್ಟಿದ ಕಾಲಿನಿಂದಲೇ ಸರಿಸಿದ. ರಾತ್ರಿಯಿಡೀ ಬಿಲ್ಲು ಹಿಡಿದು ಕಾವಲು ನಿಂತ.

ಇಲ್ಲಿ ನಮ್ಮ ಭಕ್ತರಿಗೆ ಒಂದು ಸಂಕೋಚ ಬರುತ್ತದೆ. ಮಠದ ಪಡಸಾಲೆಯಲ್ಲಿ ಮಾಂಸದ ಮಾತೇ? ಕೆಲವು ಕೀರ್ತನಕಾರರು ಆ ಸಂಕೋಚಕ್ಕೆ ಕಟ್ಟುಬಿದ್ದು, ಕಣ್ಣಪ್ಪ ಜೇನು ಹಣ್ಣು ಅರ್ಪಿಸಿದ ಎಂದು ತಿದ್ದಿ ಹೇಳುತ್ತಾರೆ. ಇದು ಸರಿಯಲ್ಲ. ಶಂಕರರದೆಂದು ಹೇಳುವ ಶಿವಾನಂದಲಹರಿಯ ಶ್ಲೋಕವೇ ಕೆರವನ್ನೂ, ಬಾಯ ನೀರನ್ನೂ, ತಿಂದುಳಿದ ಮಾಂಸವನ್ನೂ ಮುಚ್ಚಿಡದೆ ಹೇಳಿದೆ. ನಾವು ಮಾಂಸ ಮುಟ್ಟುವವರಲ್ಲ. ದಯೆ ನಮ್ಮ ಧರ್ಮದ ಮೂಲ. ಅದನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಕಣ್ಣಪ್ಪನ ತಟ್ಟೆಯಿಂದ ಮಾಂಸವನ್ನು ಕದ್ದು ಹಣ್ಣು ಇಟ್ಟರೆ, ಅವನು ತಾನು ಉಣ್ಣುವುದರಲ್ಲಿ ಒಳ್ಳೆಯದನ್ನು ಆರಿಸಿ ಕೊಟ್ಟ ಎಂಬ ಮಾತೇ ಸುಳ್ಳಾಗುತ್ತದೆ.

ಮರುದಿನ ಬೆಳಿಗ್ಗೆ ಪೂಜಾರಿ ಶಿವಗೋಚರಿಯಾರ್ ಬಂದು ನೋಡಿದರೆ ಎಲುಬು, ಮಾಂಸ. ಬಾಯಿ ಬಡಿದುಕೊಂಡ, ತೊಳೆದ, ಮತ್ತೆ ಪೂಜಿಸಿದ. ನಾಟಕ ಸಿನಿಮಾಗಳಲ್ಲಿ ಪೂಜಾರಿಯನ್ನು ಖಳನನ್ನಾಗಿ ಮಾಡುತ್ತಾರೆ. ಹಳೆಯ ಕಥೆಯಲ್ಲಿ ಅವನು ಕೆಟ್ಟವನಲ್ಲ. ಪ್ರಾಮಾಣಿಕ ಮನುಷ್ಯ, ಪ್ರಾಮಾಣಿಕವಾಗಿಯೇ ಹೇಸಿದ. ಹಗಲು ಇವನ ಪೂಜೆ, ಅವನದು ಬೇರೆ. ಐದು ದಿನ ಹೀಗೇ ನಡೆಯಿತು. ಐದನೆಯ ರಾತ್ರಿ ಶಿವನು ಪೂಜಾರಿಯ ಕನಸಿನಲ್ಲಿ ಬಂದು, ನಾಳೆ ಮರೆಯಲ್ಲಿ ನಿಂತು ನೋಡು ಎಂದನಂತೆ. ಶಿವನು ಪೂಜಾರಿಯನ್ನು ಓಡಿಸಲಿಲ್ಲ, ನೋಡಲು ಕರೆದ.

ಆರನೆಯ ದಿನ ಲಿಂಗದ ಕಣ್ಣಿನಲ್ಲಿ ರಕ್ತ. ತಿಣ್ಣನ ಕೈಯ ಬಿಲ್ಲು, ಮಾಂಸ ಜಾರಿ ಬಿದ್ದವು. ಮೊದಲು ಅವನು ಮಾಡಿದ್ದು ಬೇಟೆಗಾರನ ಕೆಲಸ: ಯಾವ ಮೃಗ, ಯಾವ ವೈರಿ ಗಾಯಮಾಡಿದ ಎಂದು ಬಾಣ ಹೂಡಿ ಸುತ್ತಲೂ ಹುಡುಕಿದ. ಯಾರೂ ಇಲ್ಲ. ಆಮೇಲೆ ಕಾಡಿನ ಸೊಪ್ಪು ತಂದು ಹಿಂಡಿದ. ನಿಲ್ಲಲಿಲ್ಲ. ಮಾಂಸದ ಗಾಯಕ್ಕೆ ಮಾಂಸವೇ ಮದ್ದು ಎಂಬ ಹಿರಿಯರ ಮಾತು ನೆನಪಾಯಿತು. ಬಾಣದಿಂದಲೇ ತನ್ನ ಕಣ್ಣು ಕಿತ್ತು ಇಟ್ಟ. ಇನ್ನೊಂದು ಕಣ್ಣಿನಲ್ಲೂ ರಕ್ತ ಬಂದಾಗ, ಕುರುಡನಾದ ಮೇಲೆ ಜಾಗ ಗೊತ್ತಾಗಲಿ ಎಂದು ಕಾಲಿಟ್ಟು ಗುರುತು ಮಾಡಿಕೊಂಡ. ಆಗ ಶಿವನ ಕೈ ಹೊರಗೆ ಬಂದು ಹಿಡಿಯಿತು. ಕಣ್ಣಪ್ಪ ಎಂಬ ಹೆಸರು ಆ ಗಳಿಗೆಯದು.

ಬಿಲ್ಲುಗಾರನಿಗೆ ಕಣ್ಣು ಎಂದರೇನು? ಒಕ್ಕಲಿಗನಿಗೆ ಹೊಲವಿದ್ದ ಹಾಗೆ. ಗುರಿ ಹೋದರೆ ಬೇಟೆಯಿಲ್ಲ, ಬೇಟೆಯಿಲ್ಲದಿದ್ದರೆ ಅನ್ನವಿಲ್ಲ, ನಾಯಕತನವೂ ಇಲ್ಲ. ಅವನು ಕೊಟ್ಟದ್ದು ಮುಖದ ಒಂದು ಅಂಗವನ್ನಷ್ಟೇ ಅಲ್ಲ, ಬದುಕಿನ ಆಧಾರವನ್ನು.

ಕಣ್ಣಪ್ಪ ಹಿಂದಿನ ಜನ್ಮದಲ್ಲಿ ಅರ್ಜುನನಾಗಿದ್ದ ಎಂದು ಒಂದು ಕಥೆಯಿದೆ. ಬೇಡನ ವೇಷದಲ್ಲಿ ಬಂದ ಶಿವನೊಡನೆ ಹಂದಿಗಾಗಿ ಜಗಳವಾಡಿದ ಅರ್ಜುನನೇ ಬೇಡನಾಗಿ ಹುಟ್ಟಿದನಂತೆ. ಹಂದಿ, ಬಿಲ್ಲು, ಬೇಡ, ಎಲ್ಲ ಹೊಂದಿಕೊಳ್ಳುತ್ತವೆ, ಕಥೆ ಚೆನ್ನಾಗಿದೆ. ಆದರೆ ಪೆರಿಯ ಪುರಾಣದ ತಿಣ್ಣ ನಾಗನ ಮಗ, ಬೇಡರ ಹುಡುಗ. ಒಬ್ಬ ಬೇಡ ಬೇಡನಾಗಿಯೇ ಇಷ್ಟು ದೊಡ್ಡವನಾದ ಎಂದು ಒಪ್ಪಲು ಕೆಲವರಿಗೆ ಕಷ್ಟವಾಯಿತು. ಅದಕ್ಕೆ ಒಬ್ಬ ಕ್ಷತ್ರಿಯನನ್ನು ಒಳಗಿಟ್ಟರು ಎಂದು ನನಗೆ ತೋರುತ್ತದೆ. ಜಾತ್ರೆಯಲ್ಲಿ ಕಣ್ಣಪ್ಪನಿಗೆ ಕೈ ಮುಗಿದು, ಮನೆಗೆ ಬಂದ ಬೇಡರ ಹುಡುಗನನ್ನು ಜಗಲಿಯ ಕೆಳಗೆ ಕೂರಿಸುವವರೂ ಇದೇ ಸಂಕಟದವರು. ಇಲ್ಲಿ ಕುಳಿತವರಲ್ಲಿ ಅಂಥವರಿದ್ದರೆ ಮನಸ್ಸಿನಲ್ಲೇ ಉತ್ತರ ಹೇಳಿಕೊಳ್ಳಲಿ.

ನಮ್ಮ ನಾಡಿನಲ್ಲಿ ಕಣ್ಣಪ್ಪನನ್ನು ಕಾಣಬೇಕಾದರೆ ನಂಜನಗೂಡಿಗೆ ಹೋಗಿ. ಶ್ರೀಕಂಠೇಶ್ವರನ ಗುಡಿಯಲ್ಲಿ ಅರುವತ್ತಮೂವರ ಸಾಲಿನಲ್ಲಿ ಅವನಿದ್ದಾನೆ. ಗುಬ್ಬಿ ವೀರಣ್ಣನವರ ಕಂಪನಿಯ ನಾಟಕ 1954ರಲ್ಲಿ ಸಿನಿಮಾ ಆಯಿತು, ಎಚ್. ಎಲ್. ಎನ್. ಸಿಂಹ ಅವರ ನಿರ್ದೇಶನದಲ್ಲಿ. ಮುತ್ತುರಾಜ್ ಎಂಬ ತರುಣ ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ಕಣ್ಣಪ್ಪನಾಗಿ ನಿಂತ. ಹಳ್ಳಿಯ ಜನ ಗಾಡಿ ಕಟ್ಟಿಕೊಂಡು ಹೋಗಿ ನೋಡಿ ಬಂದರು. ಅದೇ ರಾಜ್‌ಕುಮಾರ್ 2006ರ ಏಪ್ರಿಲ್ 12ರಂದು ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಲಾಯಿತು. ಕಣ್ಣಪ್ಪನ ಹೆಸರಿನಲ್ಲಿ ಏನಾದರೂ ಮಾಡಬೇಕು ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಬದುಕಿರುವಾಗ ಬಾಣ ಹಿಡಿಯಬೇಕಾಗಿಲ್ಲ. ಬರೆದುಕೊಟ್ಟು, ಮನೆಯವರಿಗೆ ತಿಳಿಸಿಟ್ಟರೆ ಸಾಕು.

ಕಾಳಹಸ್ತಿಗೆ ಶಿವರಾತ್ರಿಯ ಉತ್ಸವಕ್ಕೆ ಹೋಗುವವರು ಒಂದು ದಿನ ಮುಂಚಿತವಾಗಿ ಹೋಗಿ. ಅಲ್ಲಿ ಬ್ರಹ್ಮೋತ್ಸವದ ಮೊದಲ ಧ್ವಜ ಏರುವುದು ಶಿವನ ಗುಡಿಯಲ್ಲಲ್ಲ, ಕಣ್ಣಪ್ಪನ ಬೆಟ್ಟದ ಮೇಲೆ. ದೇವರ ಧ್ವಜ ಮರುದಿನ ಏರುತ್ತದೆ.