ಪೊರೆಯ ಹಿಂದಿನ ನೆತ್ತರು

ನಾನಿರೋದು ಸ್ಟಾಕ್‌ಹೋಮ್ ಪಕ್ಕದ ಫ್ಲೆಮಿಂಗ್ಸ್‌ಬೆರ್ಯ್‌ನಲ್ಲಿ. 1972ರಲ್ಲಿ ಶುರುವಾದ ಹುಡ್ಡಿಂಗೆ ಆಸ್ಪತ್ರೆಯ ಊರು. ಹಾಗಾಗಿ ಡಾಕ್ಟರುಗಳ ಪ್ರಶ್ನೆಗಳು ನನ್ನಂಥ ಸಾಫ್ಟ್‌ವೇರಿನವನ ಕಿವಿಗೂ ಬೀಳುತ್ತವೆ. ಅಂಥದ್ದೊಂದು: ಕಣ್ಣಿನ ಆಪರೇಶನ್ ಆದ್ಮೇಲೆ ರೆಟಿನಾದಲ್ಲಿ ರಕ್ತ ಹೇಗೆ ಹರಿಯುತ್ತೆ ಅಂತ ಕಂಪ್ಯೂಟರ್ ಮೊದಲೇ ಹೇಳಬಹುದಾ? ಉತ್ತರ ಹುಡುಕಿಕೊಂಡು ಹೋದರೆ ಕೋಡಿಗಿಂತ ಚರಿತ್ರೆಯೇ ಜಾಸ್ತಿ ಸಿಕ್ಕಿತು.

1851ರಲ್ಲಿ ಹೆಲ್ಮ್‌ಹೋಲ್ಟ್ಸ್ ಜೀವಂತ ಕಣ್ಣಿನೊಳಗೆ ಇಣುಕುವ ಉಪಕರಣವನ್ನು ಜಗತ್ತಿಗೆ ಕೊಟ್ಟ. ನಾವು ಗದ್ದ ಇಟ್ಟು ಕೂರ್ತೀವಲ್ಲ, ಆ ಸ್ಲಿಟ್ ಲ್ಯಾಂಪಿನ ಮೂಲಪುರುಷ ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್. 1911ರ ನೊಬೆಲ್ ವಿಜೇತ. (ಐನ್‌ಸ್ಟೈನನ ಸಾಪೇಕ್ಷತೆಗೆ ನೊಬೆಲ್ ಬೇಡ ಅಂತ ಹಟ ಹಿಡಿದವನೂ ಇವನೇ ಅನ್ನಿ!) ಇವರಿಗೆ ಕಂಡದ್ದು ರಕ್ತನಾಳ. ಹರಿವನ್ನು ಫೋಟೋದಲ್ಲಿ ಹಿಡಿದವರು ಅಮೆರಿಕದ ಇಬ್ಬರು ವೈದ್ಯಕೀಯ ವಿದ್ಯಾರ್ಥಿಗಳು, ನೊವೊಟ್ನಿ ಮತ್ತು ಆಲ್ವಿಸ್. ತೋಳಿಗೆ ಫ್ಲೋರೆಸೀನ್ ಬಣ್ಣ ಚುಚ್ಚಿ, ಅದು ಕಣ್ಣಿನ ನಾಳಗಳಲ್ಲಿ ಹೊಳೆಯುತ್ತಾ ಸಾಗೋದನ್ನು ಸೆರೆಹಿಡಿದರು. ಪ್ರಕಟವಾದದ್ದು 1961ರಲ್ಲಿ, ಅದೂ ಹೃದ್ರೋಗದ ಪತ್ರಿಕೆಯೊಂದರಲ್ಲಿ.

1991ರಲ್ಲಿ ಒಸಿಟಿ ಬಂತು. ಆಮೇಲೆ ಬಂದ ಒಸಿಟಿ ಆಂಜಿಯೋಗ್ರಫಿಗೆ ಸೂಜಿಯೇ ಬೇಡ. ಒಂದೇ ಜಾಗವನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡಿ, ಏನು ಬದಲಾಯ್ತೋ ಅದೇ ಓಡುವ ರಕ್ತ ಅಂತ ಲೆಕ್ಕ ಹಾಕುತ್ತೆ. ಎಷ್ಟು ವೇಗವಾಗಿ ಅನ್ನೋದು ಮಾತ್ರ ಸಲೀಸಾಗಿ ಸಿಗಲ್ಲ.

ತೊಡಕು ಇಲ್ಲಿದೆ ನೋಡಿ. ಪೊರೆ ಬಂದ ಕಣ್ಣಿನ ಸ್ಕ್ಯಾನ್ ಮಬ್ಬು ಮಬ್ಬು. ಸಣ್ಣ ನಾಳಗಳು ಕಾಣೋದೇ ಇಲ್ಲ. ಪೊರೆ ತೆಗೆದ ಮೇಲೆ ಅವೇ ನಾಳಗಳು ಫಳಫಳ. ಕಂಪ್ಯೂಟರಿಗೆ ಈ ಎರಡು ಚಿತ್ರ ಕೊಟ್ಟು ಕಲಿ ಅಂದರೆ "ಆಪರೇಶನ್ ಆದರೆ ರಕ್ತ ಹೆಚ್ಚುತ್ತೆ" ಅಂತ ಕಲಿತುಬಿಡಬಹುದು. ಹೆಚ್ಚಿದ್ದು ರಕ್ತವೋ, ಬರೀ ಬೆಳಕೋ? ಅದನ್ನು ಬಿಡಿಸೋಕೆ ಅದೇ ಕಣ್ಣನ್ನು ತಿಂಗಳುಗಟ್ಟಲೆ ಹಿಂಬಾಲಿಸಬೇಕು.

ಆಗ ನೆನಪಾಗೋದು ನಮ್ಮ ಬೀಳಗಿಯ ಡಾ. ಎಂ.ಸಿ. ಮೋದಿ. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ. 1993ರ ಫೆಬ್ರವರಿ ಹೊತ್ತಿಗೆ 6,10,564 ಅನ್ನುತ್ತೆ ಗಿನ್ನೆಸ್. ಶಿಬಿರಕ್ಕೆ ಬಂದವರು ಸೋಡಾಬುಡ್ಡಿ ಕನ್ನಡಕ ಹಾಕ್ಕೊಂಡು ಊರಿಗೆ ಹೋದರು. ಕಣ್ಣು ಕಂಡ ಮೇಲೆ ಆಸ್ಪತ್ರೆ ಯಾಕೆ?

2016ರಲ್ಲಿ ಸಕ್ಕರೆ ಕಾಯಿಲೆಯ ಕಣ್ಣಿನ ತೊಂದರೆ ಗುರುತಿಸೋಕೆ ಗೂಗಲ್ ಕಂಪ್ಯೂಟರಿಗೆ ಕಲಿಸಿತಲ್ಲ, ಆ 1,28,175 ಚಿತ್ರಗಳಲ್ಲಿ ಭಾರತದ ಕಣ್ಣುಗಳೂ ಇದ್ದವು. ಚಿತ್ರ ಕೊಟ್ಟವರಲ್ಲಿ ಬೆಂಗಳೂರಿನ ನಾರಾಯಣ ನೇತ್ರಾಲಯವೂ ಒಂದು. ಆದರೆ ಅದು ರೋಗ ಇದೆಯೋ ಇಲ್ಲವೋ ಅನ್ನೋ ಪ್ರಶ್ನೆ, ಇವತ್ತಿನ ಚಿತ್ರ ಸಾಕು. ಮುಂದಾಗೋದನ್ನು ಹೇಳಬೇಕಾದರೆ ರೋಗಿ ವಾಪಸ್ ಬರಬೇಕು. ಇಲ್ಲಿನವರು ರೈಲು ಹತ್ತಿ ಬಂದಾರು, ಯಂತ್ರವೂ ಅವರ ಕಣ್ಣುಗಳಿಂದಲೇ ಕಲಿತೀತು. ಬೀಳಗಿ ಕಡೆಯ ಅಜ್ಜಿಗೆ 2023ರಿಂದ ಸರ್ಕಾರಿ ಬಸ್ಸೇನೋ ಫ್ರೀ. ಜೊತೆಗೆ ಬರೋ ಮಗನ ಆ ದಿನದ ಕೂಲಿ ಯಾರು ಕೊಡ್ತಾರೆ?