ಚರ್ಮದ ಕಸುಬು, ವಿಷದ ಕಸುಬು

ಮಲೆನಾಡಿನ ಸರ್ಕಾರಿ ಆಸ್ಪತ್ರೆಯೊಂದರ ಔಷಧಿ ಕೋಣೆಯಲ್ಲಿ ದುಡಿದು ನಿವೃತ್ತನಾದವನು ನಾನು. ಹಾವು ಕಚ್ಚಿದವರಿಗೆ ಕೊಡುವ ಸೀಸೆಯಲ್ಲಿ ಬಿಳಿ ಪುಡಿ ಇರುತ್ತದೆ. ಶುದ್ಧ ನೀರು ಹಾಕಿ ಮೆಲ್ಲಗೆ ತಿರುಗಿಸಬೇಕು. ಅವಸರಪಟ್ಟು ಕುಲುಕಿದರೆ ನೊರೆ ಏಳುತ್ತದೆ. ಹೊರಗೆ ಮನೆಯವರು ಬಾಗಿಲು ಬಡಿಯುತ್ತಿರುವಾಗ ಈ ತಾಳ್ಮೆ ಸುಲಭವಲ್ಲ.

ಆ ಪುಡಿಯ ತವರು ಹುಡುಕುತ್ತಾ ಹೋದರೆ ಸಿಗುವುದು ತಮಿಳುನಾಡಿನ ಕರಾವಳಿಯಲ್ಲಿ, ಮಹಾಬಲಿಪುರದ ಬಳಿಯ ವಡನೆಮ್ಮೇಲಿ. ಅಲ್ಲಿಯ ಸೀಮೆಯ ಬುಡಕಟ್ಟು ಜನರಾದ ಇರುಳರು ಒಂದು ಕಾಲಕ್ಕೆ ಹಾವು ಹಿಡಿಯುತ್ತಿದ್ದದ್ದು ಚರ್ಮಕ್ಕಾಗಿ. ಅದು ಚೀಲ, ಚಪ್ಪಲಿಯಾಗಲು ಹಡಗು ಹತ್ತುತ್ತಿತ್ತು. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, ಆಮೇಲೆ ರಫ್ತೂ ನಿಂತಿತು. ಹಾವುಗಳು ಬದುಕಿದವು ಸರಿ, ಇರುಳರ ಒಲೆ ಹೇಗೆ ಉರಿಯಬೇಕೆಂದು ಕಾಯ್ದೆ ಬರೆದವರು ಯೋಚಿಸಿದಂತೆ ಕಾಣೆ. 1978ರಲ್ಲಿ ಉರಗತಜ್ಞ ರೋಮ್ಯುಲಸ್ ವಿಟೇಕರ್ ನೆರವಿನಿಂದ ಅವರದೇ ಸಹಕಾರ ಸಂಘ ಹುಟ್ಟಿತು. ಹಿಡಿಯುವ ಕೈ ಅದೇ, ಮಾರುವ ಸರಕು ಮಾತ್ರ ವಿಷ.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕನ್ನು ಬಾಯಿಗೆ ಬಟ್ಟೆ ಬಿಗಿದ ಮಣ್ಣಿನ ಮಡಕೆಗಳಲ್ಲಿ ಇಡುತ್ತಾರೆ. ತಲೆ ಹಿಡಿದು ಗಾಜಿನ ಅಂಚಿಗೆ ಕಚ್ಚಿಸಿದರೆ ವಿಷ ತೊಟ್ಟಿಕ್ಕುತ್ತದೆ. ಕಟ್ಟುಹಾವಿನದು ತೀರಾ ಕಡಿಮೆ. ಕೆಲವು ಸಲ ಹೀಗೆ ಮಾಡಿ, ಹೊಟ್ಟೆಯ ಹುರುಪೆಯೊಂದನ್ನು ಕತ್ತರಿಸಿ ಗುರುತಿಟ್ಟು ಕಾಡಿಗೆ ಬಿಡುತ್ತಾರೆ. ಔಷಧ ಕಂಪನಿಗಳು ಆ ವಿಷವನ್ನು ಕುದುರೆಗಳಿಗೆ ಚೂರುಚೂರೇ ಚುಚ್ಚಿ, ಅವುಗಳ ರಕ್ತದಿಂದ ಮದ್ದು ತೆಗೆಯುತ್ತವೆ. ಈ ವಿದ್ಯೆ 1890ರ ದಶಕದ ಫ್ರಾನ್ಸಿನ ವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ ಕಾಲದ್ದು. ಇಂದಿಗೂ ಹೆಚ್ಚೇನೂ ಬದಲಾಗಿಲ್ಲ. ಸಂಘದ ವಡಿವೇಲ್ ಗೋಪಾಲ್, ಮಾಸಿ ಸಡೈಯನ್ ಅವರಿಗೆ 2023ರಲ್ಲಿ ಪದ್ಮಶ್ರೀ ಸಿಕ್ಕಿತು. ತಡವಾಗಿಯೇ ಸಿಕ್ಕಿತು ಎನ್ನುವವನು ನಾನು.

2000ದಿಂದ 2019ರವರೆಗೆ ದೇಶದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷ ಎಂಬುದು ಸಂಶೋಧಕರ ಅಂದಾಜು. ಬಹುಪಾಲು ಹಳ್ಳಿಯವರು, ಗದ್ದೆಗಿಳಿದವರು, ನೆಲದ ಮೇಲೆ ಮಲಗಿದವರು. ಮಂತ್ರ ಹಾಕಿಸುತ್ತಲೇ ಮನೆಯಲ್ಲಿ ಸತ್ತವರು ನಮ್ಮ ರಿಜಿಸ್ಟರಿಗೆ ಬರುತ್ತಲೇ ಇರಲಿಲ್ಲ. 2024ರಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

ನನ್ನ ತಕರಾರು ಬೇರೆ. ಇಡೀ ದೇಶದ ಮದ್ದಿಗೆ ವಿಷ ಬಹುಮಟ್ಟಿಗೆ ಆ ಒಂದು ಕರಾವಳಿಯಿಂದಲೇ ಬಂದಿದೆ. ಒಂದೇ ಜಾತಿಯ ಹಾವಾದರೂ ಸೀಮೆ ಬದಲಾದರೆ ವಿಷದ ಗುಣ ಬದಲಾಗುತ್ತದೆ. ಇನ್ನು ನಮ್ಮ ಕಾಫಿ, ಅಡಿಕೆ ತೋಟಗಳ ತರಗೆಲೆಯಲ್ಲಿ ಮೂಗು ಮೇಲೆತ್ತಿ ಮಲಗುವ ಗುಳಿಮಂಡಲ ಆ ನಾಲ್ಕರ ಪಟ್ಟಿಯಲ್ಲೇ ಇಲ್ಲ. ಅದು ಕಚ್ಚಿ ಮೂತ್ರಪಿಂಡ ಕೆಟ್ಟವರಿಗೆ ಎಷ್ಟು ಸೀಸೆ ಹಾಕಿದರೂ ವ್ಯರ್ಥ. ಡಯಾಲಿಸಿಸ್ ಇರುವ ಊರಿಗೆ ಕಳಿಸಬೇಕು.