ಪಳೆಯುಳಿಕೆ ಇಂಧನಗಳಿಗೆ ಪರ್ಯಾಯ: ಕರ್ನಾಟಕದ ನವೀಕರಿಸಬಹುದಾದ ಶಕ್ತಿ ಮತ್ತು ಪರಮಾಣು ಶಕ್ತಿ

ಕಲ್ಲಿದ್ದಲು, ತೈಲ, ನೈಸರ್ಗಿಕ ಅನಿಲಗಳನ್ನು ಸುಡದೆ ವಿದ್ಯುತ್ ಪಡೆಯುವ ದಾರಿಗಳು ಮುಖ್ಯವಾಗಿ ಎರಡು: ಬಿಸಿಲು, ಗಾಳಿ, ಹರಿಯುವ ನೀರುಗಳಂತೆ ಪ್ರಕೃತಿಯಲ್ಲಿ ತಾವಾಗಿಯೇ ಮರಳಿ ತುಂಬಿಕೊಳ್ಳುವ ನವೀಕರಿಸಬಹುದಾದ ಮೂಲಗಳು ಮತ್ತು ಯುರೇನಿಯಂ ಪರಮಾಣುವಿನ ನ್ಯೂಕ್ಲಿಯಸ್ ಒಡೆದಾಗ, ಅಂದರೆ ವಿದಳನಗೊಂಡಾಗ, ಹೊಮ್ಮುವ ಶಾಖವನ್ನು ಬಳಸುವ ಪರಮಾಣು ಶಕ್ತಿ. 1902ರಲ್ಲಿಯೇ ಶಿವನಸಮುದ್ರದಲ್ಲಿ ಜಲವಿದ್ಯುತ್ ಉತ್ಪಾದನೆ ಆರಂಭಿಸಿದ ಕರ್ನಾಟಕದಲ್ಲಿ ಇಂದು ಎರಡೂ ಬಗೆಯ ದೊಡ್ಡ ಸ್ಥಾವರಗಳಿರುವುದರಿಂದ ಅವುಗಳ ಗುಣದೋಷಗಳನ್ನು ಇಲ್ಲಿ ಒಟ್ಟಿಗೆ ಪರಿಶೀಲಿಸಬಹುದು.

ಸ್ಥಾವರದ ನಿರ್ಮಾಣದಿಂದ ವಿಸರ್ಜನೆಯವರೆಗಿನ ಎಲ್ಲ ಹಂತಗಳನ್ನೂ ಲೆಕ್ಕಕ್ಕೆ ಹಿಡಿದು ಹವಾಮಾನ ಬದಲಾವಣೆಯ ಅಂತರ್‌ಸರ್ಕಾರಿ ಸಮಿತಿ 2014ರಲ್ಲಿ ನೀಡಿದ ಮಧ್ಯಮ ಅಂದಾಜಿನಂತೆ, ಒಂದು ಯೂನಿಟ್ ವಿದ್ಯುತ್ತಿಗೆ ಕಲ್ಲಿದ್ದಲು ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮನಾದ ಅನಿಲಗಳನ್ನು ಹೊರಸೂಸಿದರೆ, ದೊಡ್ಡ ಸೌರ ಸ್ಥಾವರಗಳು 48, ಪರಮಾಣು ಸ್ಥಾವರಗಳು 12, ನೆಲದ ಮೇಲಿನ ಗಾಳಿಯಂತ್ರಗಳು 11 ಗ್ರಾಂ ಹೊರಸೂಸುತ್ತವೆ. ಕಲ್ಲಿದ್ದಲಿನ ಮುಂದೆ ಈ ಮೂರರ ನಡುವಣ ಅಂತರ ಅಲ್ಪವಾದುದು. ಆಯ್ಕೆಯನ್ನು ಕಠಿಣಗೊಳಿಸುವುದು ಉತ್ಪಾದನೆಯ ಹೊತ್ತು, ಬೇಕಾಗುವ ನೆಲ ಮತ್ತು ಅಪಾಯದ ಸ್ವರೂಪ.

ತುಮಕೂರು ಜಿಲ್ಲೆಯ ಪಾವಗಡ ಸೌರ ಪಾರ್ಕಿನ ಸ್ಥಾಪಿತ ಸಾಮರ್ಥ್ಯ, ಅಂದರೆ ಎಲ್ಲ ಯಂತ್ರಗಳೂ ಪೂರ್ಣವಾಗಿ ದುಡಿದಾಗ ದೊರೆಯುವ ಶಕ್ತಿ, 2,050 ಮೆಗಾವ್ಯಾಟ್. ಉತ್ತರ ಕನ್ನಡದ ಕೈಗಾ ಪರಮಾಣು ಸ್ಥಾವರದಲ್ಲಿ ತಲಾ 220 ಮೆಗಾವ್ಯಾಟ್‌ನ ನಾಲ್ಕು ಘಟಕಗಳಿಂದ ಒಟ್ಟು 880 ಮೆಗಾವ್ಯಾಟ್. ಈ ಅಂಕಿಗಳನ್ನಷ್ಟೇ ನೋಡುವುದು ದಾರಿ ತಪ್ಪಿಸುತ್ತದೆ. ಇರುಳು, ಮೋಡಗಳ ಕಾರಣದಿಂದ ಸೌರ ಫಲಕಗಳು ವರ್ಷದ ಸರಾಸರಿಯಲ್ಲಿ ಸಾಮರ್ಥ್ಯದ ಐದನೇ ಒಂದರಿಂದ ನಾಲ್ಕನೇ ಒಂದು ಭಾಗದಷ್ಟನ್ನು ಮಾತ್ರ ಉತ್ಪಾದಿಸುತ್ತವೆ. ವಿದಳನ ನಡೆಯುವ ರಿಯಾಕ್ಟರಾದರೋ ಹಗಲಿರುಳೆನ್ನದೆ ನಡೆಯಬಲ್ಲದು. ಕೈಗಾದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ ನಿರಂತರವಾಗಿ 962 ದಿನ ನಡೆದು ಅಂದಿನ ವಿಶ್ವದಾಖಲೆ ಬರೆಯಿತು. ಹೀಗಾಗಿ ನಾಲ್ಕೂ ಘಟಕಗಳು ಸಾಮರ್ಥ್ಯದ ಶೇ. 80ರಷ್ಟು ದುಡಿದರೂ ಕೈಗಾದ ವಾರ್ಷಿಕ ಉತ್ಪಾದನೆ ಪಾವಗಡದ್ದನ್ನು ಮೀರುತ್ತದೆ. ಆದರೂ ನೀರಾವರಿ ಪಂಪ್‌ಸೆಟ್‌ಗಳಿಗೆ ಹಗಲಿನಲ್ಲೇ ವಿದ್ಯುತ್ ಕೊಡಲು ಸೌರಶಕ್ತಿಗಿಂತ ಚೆನ್ನಾಗಿ ಹೊಂದುವ ಮೂಲ ಇನ್ನೊಂದಿಲ್ಲ.

ಪಾವಗಡದ ಪಾರ್ಕು ಸುಮಾರು 13,000 ಎಕರೆ ನೆಲವನ್ನು ಬಳಸುತ್ತದೆ. ಮಳೆ ಕಡಿಮೆಯಾದ ಈ ಸೀಮೆಯ ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮವಾದರೂ, ಬಾಡಿಗೆ ಜಮೀನುದಾರರಿಗಷ್ಟೇ ಸಲ್ಲುವುದರಿಂದ ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದವರ ನಷ್ಟವನ್ನು ಅದು ತುಂಬಿಕೊಡದು. ಕೈಗಾಕ್ಕೆ ಕಾಳಿ ನದಿಯ ಕದ್ರಾ ಜಲಾಶಯದ ನೀರು ಬೇಕು. ಬಳಸಿದ ಇಂಧನದಲ್ಲಿ ಉಳಿಯುವ ಪ್ಲುಟೋನಿಯಂ–239ರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 24,000 ವರ್ಷ ಬೇಕಾಗುವುದರಿಂದ ಅದನ್ನು ಕಾಯುವ ಹೊಣೆ ಇನ್ನೂ ಹುಟ್ಟದ ಪೀಳಿಗೆಗಳ ಮೇಲೂ ಬೀಳುತ್ತದೆ. ಇಂಥ ಆತಂಕ ಹೊಸದಲ್ಲ: 1989ರಲ್ಲಿ ಸಾಹಿತಿ ಶಿವರಾಮ ಕಾರಂತರು ಲೋಕಸಭಾ ಚುನಾವಣೆಗೆ ನಿಂತದ್ದು ಪಶ್ಚಿಮಘಟ್ಟದ ಪರಿಸರ ಮತ್ತು ಕೈಗಾದ ಪ್ರಶ್ನೆಯನ್ನು ಮುಂದಿಟ್ಟೇ.

ಸೂರ್ಯಾಸ್ತದ ನಂತರದ ಬೇಡಿಕೆಯನ್ನು ನವೀಕರಿಸಬಹುದಾದ ಮೂಲಗಳಿಂದಲೇ ಪೂರೈಸಬೇಕಾದರೆ ಸಂಗ್ರಹಣೆ ಅನಿವಾರ್ಯ. ಹಗಲಿನ ಹೆಚ್ಚುವರಿ ವಿದ್ಯುತ್ತಿನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ ಸಂಜೆ ಕೆಳಗೆ ಹರಿಸಿ ಟರ್ಬೈನ್ ತಿರುಗಿಸುವ ಪಂಪ್ಡ್ ಸ್ಟೋರೇಜ್ ಇದರ ಒಂದು ವಿಧಾನ. ಆದರೆ ಎತ್ತಲು ತಗಲುವ ವಿದ್ಯುತ್ತು ಮರಳಿ ಸಿಗುವುದಕ್ಕಿಂತ ಹೆಚ್ಚು. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ ಇಂಥ 2,000 ಮೆಗಾವ್ಯಾಟ್ ಯೋಜನೆಯನ್ನು ರೂಪಿಸಲಾಗಿದ್ದು, ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯವನ್ನು ಹಾಯುವುದರಿಂದ ತೀವ್ರ ವಿರೋಧವನ್ನೂ ಎದುರಿಸಿದೆ.